ದತ್ತಿಯ ಧರ್ಮ ಮತ್ತು ದುಡಿದವರ ಪಾಲು: ಧರ್ಮಸಂಸ್ಥೆಗಳ ಉದ್ಯೋಗ ಕಾನೂನಿನ ಚರಿತ್ರೆಗೊಂದು ಪ್ರವೇಶ

ಹೊರನಾಡಿನ ಕನ್ನಡ ಸಂಘಸಂಸ್ಥೆಗಳ ಚರಿತ್ರೆಯನ್ನು ಬರೆಯುವವರಿಗೆ ದೊರೆಯುವ ಆಕರಗಳು ಬಹುಮಟ್ಟಿಗೆ ಒಂದೇ ಬಗೆಯವು: ಸ್ಮರಣ ಸಂಚಿಕೆಗಳು, ವಾರ್ಷಿಕ ವರದಿಗಳು, ಕಟ್ಟಡದ ಗೋಡೆಯ ಮೇಲಿನ ಅಮೃತಶಿಲೆಯ ಫಲಕಗಳು. ಇವುಗಳಲ್ಲಿ ಸ್ಥಾಪಕರ ಹೆಸರುಗಳಿರುತ್ತವೆ, ಪೋಷಕರ ಹೆಸರುಗಳಿರುತ್ತವೆ, ದಾನದ ಮೊತ್ತವೂ ಇರುತ್ತದೆ. ಆದರೆ ಮೂವತ್ತು ವರ್ಷ ವಾಚನಾಲಯದ ಬೀಗ ತೆರೆದವನು, ರಾತ್ರಿಶಾಲೆಯ ಗಂಟೆ ಬಾರಿಸಿದವನು, ಸಭಾಗೃಹದ ಕುರ್ಚಿಗಳನ್ನು ಜೋಡಿಸಿದವನು ಇಲ್ಲಿ ಕಾಣಸಿಗುವುದು ವಿರಳ. 1902ರಲ್ಲಿ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ ಕಾಲದಿಂದ ಲೆಕ್ಕ ಹಾಕಿದರೂ ಹೊರನಾಡ ಕನ್ನಡಿಗರ ಸಂಘಟಿತ ಸೇವಾಕಾರ್ಯಕ್ಕೆ ನೂರಿಪ್ಪತ್ತು ವರ್ಷಗಳು ಮೀರಿವೆ. ಈ ಸಂಸ್ಥೆಗಳ ದಾನಿಗಳನ್ನು ನಾವು ಬಲ್ಲೆವು. ಅಲ್ಲಿ ಸಂಬಳಕ್ಕೆ ದುಡಿದವರನ್ನು ಅರಿಯೆವು. ಈ ಕೊರತೆ ಚರಿತ್ರೆಕಾರರಿಗೆ ಮಾತ್ರ ಸಂಬಂಧಿಸಿದುದಲ್ಲ. ಧರ್ಮಕಾರ್ಯಕ್ಕಾಗಿ ನಿಂತ ಸಂಸ್ಥೆಯಲ್ಲಿ ಕೂಲಿಗಾಗಿ ದುಡಿಯುವವನ ಹಕ್ಕು ಯಾವುದು ಎಂಬ ಪ್ರಶ್ನೆಯಲ್ಲಿ ನಮ್ಮ ನ್ಯಾಯಾಲಯಗಳೂ ಶಾಸನಸಭೆಗಳೂ ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ತೊಳಲಾಡಿವೆ. ಆ ತೊಳಲಾಟದ ರೂಪರೇಖೆಯನ್ನು ಗುರುತಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮಧ್ಯಕಾಲೀನ ದಾನಶಾಸನಗಳನ್ನು ಓದುತ್ತ ಬಂದವನಿಗೆ ಈ ಪ್ರಶ್ನೆ ತೀರ ಹೊಸದೆನಿಸುವುದಿಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ, ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ನಡೆಸಿದ ಘಟಿಕಾಸ್ಥಾನದ 1058ರ ಶಾಸನವನ್ನು ನೋಡಬಹುದು. ವೇದವನ್ನು ಓದುವ ಇನ್ನೂರು ವಿದ್ಯಾರ್ಥಿಗಳು, ಶಾಸ್ತ್ರವನ್ನು ಓದುವ ಐವತ್ತೆರಡು ಮಂದಿ, ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು, ಪುಸ್ತಕ ಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು ಎಂದು ಅದು ಎಣಿಸಿ ಹೇಳುತ್ತದೆ. ದತ್ತಿಯ ಭೂಮಿಯಲ್ಲಿ ಇವರ ಜೀವನಕ್ಕೆ ಪಾಲನ್ನೂ ಗೊತ್ತುಪಡಿಸುತ್ತದೆ. ಗ್ರಂಥಪಾಲಕನ ಸಂಬಳವನ್ನು ಕಲ್ಲಿನಲ್ಲಿ ಕೊರೆಸಿದ ನಾಡು ನಮ್ಮದು ಎಂದು ಹೆಮ್ಮೆಪಡುವ ಮುನ್ನ, ನಮ್ಮ ಇಂದಿನ ಸಂಘಗಳ ವಾಚನಾಲಯಗಳಲ್ಲಿ ಅವನಿಗೆ ನೇಮಕಪತ್ರವಿದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಚೆನ್ನೈಯಿಂದ ಹೆಚ್ಚು ದೂರವಿಲ್ಲದ ತಿರುಮುಕ್ಕೂಡಲಿನ ಶಾಸನವು ಇನ್ನೂ ಬಿಚ್ಚಿ ಹೇಳುತ್ತದೆ. ಚೋಳ ವೀರರಾಜೇಂದ್ರನ ಕಾಲದ, ಎಂದರೆ 11ನೆಯ ಶತಮಾನದ ಉತ್ತರಾರ್ಧದ, ಈ ಶಾಸನದಲ್ಲಿ ದೇವಾಲಯಕ್ಕೆ ಸೇರಿದ ಹದಿನೈದು ಹಾಸಿಗೆಗಳ ಆಸ್ಪತ್ರೆಯೊಂದರ ವಿವರವಿದೆ. ವೈದ್ಯನಿಗೆ ವರ್ಷಕ್ಕೆ ತೊಂಬತ್ತು ಕಲಂ ಭತ್ತ ಮತ್ತು ಎಂಟು ಕಾಸು ಎಂಬುದು ಮೊದಲ ಬಾಬ್ತು. ಅನಂತರ ಶಸ್ತ್ರವೈದ್ಯ, ಗಿಡಮೂಲಿಕೆ ಮತ್ತು ಸೌದೆ ತರುವವರು, ರೋಗಿಗಳ ಆರೈಕೆ ಮಾಡುವ ಹೆಂಗಸರು, ಕ್ಷೌರಿಕ, ಹೀಗೆ ಒಬ್ಬೊಬ್ಬರ ಪಾಲೂ ಬೇರೆ ಬೇರೆಯಾಗಿ ನಮೂದಾಗಿದೆ. ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ರಾಜರಾಜನು ನಾನೂರು ಮಂದಿ ನರ್ತಕಿಯರಿಗೆ ತಲಾ ಒಂದು ಮನೆಯನ್ನೂ ವರ್ಷಕ್ಕೆ ನೂರು ಕಲಂ ಭತ್ತದ ಒಂದು ಪಾಲನ್ನೂ ನಿಗದಿಪಡಿಸಿದುದು ಪ್ರಸಿದ್ಧವಾದ ಸಂಗತಿ. ಅದೇ ಶಾಸನದ ಮತ್ತೊಂದು ನಿಬಂಧನೆ ಅಷ್ಟು ಪ್ರಸಿದ್ಧವಲ್ಲ. ಪಾಲುದಾರರಲ್ಲಿ ಯಾರಾದರೂ ಸತ್ತರೆ ಅಥವಾ ಊರು ಬಿಟ್ಟು ಹೋದರೆ ಹತ್ತಿರದ ಬಂಧುವು ಆ ಪಾಲನ್ನು ಪಡೆದು ಆ ಕೆಲಸವನ್ನು ಮಾಡಬೇಕು. ಆ ಬಂಧುವಿಗೆ ಯೋಗ್ಯತೆಯಿಲ್ಲದಿದ್ದರೆ ಯೋಗ್ಯರಾದವರನ್ನು ಆರಿಸಬೇಕು. ಉದ್ಯೋಗದ ನಿಬಂಧನೆ ಎಂದರೆ ಇದೇ ಅಲ್ಲವೆ?

ಆದರೆ ಇಲ್ಲೊಂದು ಎಚ್ಚರ ಬೇಕು. ಈ ಪಾಲುಗಳು ಜಾತಿ ಮತ್ತು ವಂಶಕ್ಕೆ ಕಟ್ಟುಬಿದ್ದವು. ರಾಜಾಜ್ಞೆಯಿಂದ ಬೇರೆ ಬೇರೆ ಊರುಗಳಿಂದ ತಂದು ನೆಲೆಗೊಳಿಸಿದ ಆ ನಾನೂರು ಮಂದಿಯ ಒಪ್ಪಿಗೆಯನ್ನು ಯಾರೂ ಕೇಳಿದಂತೆ ತೋರುವುದಿಲ್ಲ. ಜೊತೆಗೆ ಎಲ್ಲ ಶಾಸನಗಳೂ ಇಷ್ಟು ಉದಾರವಾಗಿ ಎಣಿಕೆ ಮಾಡುವುದಿಲ್ಲ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನದ ಪ್ರಸಿದ್ಧ ಭಾಗದಲ್ಲಿ ವೇದ ವ್ಯಾಕರಣಾದಿಗಳ ಪಾಠ, ದೀನರಿಗೂ ಅನಾಥರಿಗೂ ಅಂಗಹೀನರಿಗೂ ಅನ್ನದಾನ, ರೋಗಿಗಳಿಗೆ ಚಿಕಿತ್ಸೆ ಎಲ್ಲವೂ ಬರುತ್ತವೆ. ಅಡುಗೆಯ ಒಲೆ ಹೊತ್ತಿಸಿದವರು ಮಾತ್ರ ಆ ವರ್ಣನೆಯಲ್ಲಿ ಸುಳಿಯುವುದಿಲ್ಲ. ಸೇವೆ ದೊಡ್ಡದಾದಷ್ಟೂ ಸೇವಕ ಮರೆಯಾಗುವ ಈ ಕ್ರಮವು ಇಂದಿನ ವಾರ್ಷಿಕ ವರದಿಗಳ ಭಾಷೆಯವರೆಗೂ ಹರಿದುಬಂದಿದೆ.

ಪದಗಳ ಚರಿತ್ರೆಯನ್ನೂ ಇಲ್ಲಿ ಗಮನಿಸಬೇಕು. ಹಳಗನ್ನಡದಲ್ಲಿ 'ಜೀವಿತ' ಎಂದರೆ ಜೀವನೋಪಾಯ, ದುಡಿಮೆಗೆ ಪ್ರತಿಯಾಗಿ ದೊರೆವ ವೇತನ. ಅದರ ತದ್ಭವವಾದ 'ಜೀತ'ವೂ ಮೊದಲು ಇದೇ ಅರ್ಥದಲ್ಲಿದ್ದು, ಕಾಲಕ್ರಮದಲ್ಲಿ ಸಾಲಕ್ಕೆ ಕಟ್ಟುಬಿದ್ದ ಆಳುತನಕ್ಕೆ ಹೆಸರಾಯಿತು. 1976ರಲ್ಲಿ ಸಂಸತ್ತು ಕಾನೂನಿನ ಮೂಲಕ ನಿಷೇಧಿಸಬೇಕಾದ ಮಟ್ಟಕ್ಕೆ ಆ ಪದ ಇಳಿಯಿತು. ಸಂಸ್ಕೃತದ 'ವಿಷ್ಟಿ' ನಮ್ಮಲ್ಲಿ 'ಬಿಟ್ಟಿ'ಯಾಗಿ ಬಲವಂತದ ದುಡಿಮೆಯನ್ನು ಸೂಚಿಸುತ್ತಿತ್ತು. ಈಗ ಅದು ಪುಕ್ಕಟೆ ಎಂಬ ಅರ್ಥವನ್ನು ಕೊಡುತ್ತದೆ. ದುಡಿದವನ ಸಂಕಟವು ಪಡೆದವನ ಲಾಭವಾಗಿ ಪದದೊಳಗೇ ಮಾರ್ಪಟ್ಟಿದೆ. ಧರ್ಮಸಂಸ್ಥೆಗಳು ಈಗ ಮೆಚ್ಚಿಕೊಂಡಿರುವ 'ಗೌರವಧನ' ಎಂಬ ಪದವು ಮುಂದೆ ಯಾವ ದಾರಿ ಹಿಡಿಯುವುದೋ ಕಾದು ನೋಡಬೇಕು.

ಬ್ರಿಟಿಷ್ ಆಡಳಿತವು ದತ್ತಿಗಳನ್ನು ಆಸ್ತಿಯ ದೃಷ್ಟಿಯಿಂದ ನೋಡಿತು. 1860ರ ಸಂಘಗಳ ನೋಂದಣಿ ಕಾನೂನು, 1863ರ ಧಾರ್ಮಿಕ ದತ್ತಿಗಳ ಕಾನೂನು, 1890ರ ಧರ್ಮಾರ್ಥ ದತ್ತಿಗಳ ಕಾನೂನು, ಸ್ವಾತಂತ್ರ್ಯಾನಂತರ ಬಂದ 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾನೂನು, ಇವೆಲ್ಲಕ್ಕೂ ಮುಖ್ಯವಾದುದು ಆಸ್ತಿ ಯಾರ ವಶದಲ್ಲಿರಬೇಕು, ಲೆಕ್ಕ ಯಾರು ಒಪ್ಪಿಸಬೇಕು, ಆಡಳಿತವನ್ನು ಯಾರು ನಡೆಸಬೇಕು ಎಂಬ ವಿಚಾರ. ನಾಗಾವಿಯ ಶಾಸನದಲ್ಲಿ ದತ್ತಿ ಮತ್ತು ದುಡಿಯುವವನ ಪಾಲು ಒಂದೇ ಬರಹದಲ್ಲಿ ಒಟ್ಟಿಗಿದ್ದವು. ಆಧುನಿಕ ಕಾನೂನಿನಲ್ಲಿ ಅವೆರಡೂ ಬೇರೆ ಬೇರೆ ಕಡತಗಳಿಗೆ ಸೇರಿಹೋದವು. ದುಡಿಯುವವನ ಕಡತ ತೆರೆದದ್ದು 1947ರ ಕೈಗಾರಿಕಾ ವಿವಾದಗಳ ಅಧಿನಿಯಮದಲ್ಲಿ. ಅಲ್ಲಿಯೂ 'ಕೈಗಾರಿಕೆ' ಎಂಬುದರ ವ್ಯಾಖ್ಯೆಯಲ್ಲಿ ವ್ಯಾಪಾರ, ಉದ್ಯಮ, ತಯಾರಿಕೆ, ಸೇವೆ, ಉದ್ಯೋಗ ಎಂಬ ಮಾತುಗಳಿದ್ದುವೇ ಹೊರತು ಧರ್ಮಸಂಸ್ಥೆಯ ಮಾತು ಇರಲಿಲ್ಲ. ಕೆಲಸಗಾರನೊಬ್ಬನನ್ನು ಹೊರಹಾಕಿದಾಗ ಅವನು ಕಾರ್ಮಿಕ ನ್ಯಾಯಾಲಯದ ಮೆಟ್ಟಿಲೇರಬಹುದೇ ಇಲ್ಲವೇ ಎಂಬುದು, ಅವನ ಸಂಸ್ಥೆ ಕೈಗಾರಿಕೆ ಹೌದೇ ಅಲ್ಲವೇ ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತಿತು.

ಮೊದಲ ಮಹತ್ವದ ಉತ್ತರ 1960ರಲ್ಲಿ ಬಂದಿತು. ಮುಂಬಯಿಯ ಜೆ.ಜೆ. ಆಸ್ಪತ್ರೆಗಳ ಸಮೂಹದಲ್ಲಿ ವಾರ್ಡಿನ ಸೇವಕಿಯರಾಗಿದ್ದ ಇಬ್ಬರನ್ನು ಕಾನೂನು ವಿಧಿಸಿದ ಪರಿಹಾರ ಕೊಡದೆ ಕೆಲಸದಿಂದ ತೆಗೆಯಲಾಗಿತ್ತು. ಹಾಸ್ಪಿಟಲ್ ಮಜ್ದೂರ್ ಸಭಾ ಅವರ ಪರವಾಗಿ ಹೋರಾಡಿತು. ಸರ್ವೋಚ್ಚ ನ್ಯಾಯಾಲಯವು ಆಸ್ಪತ್ರೆಯೂ ಕೈಗಾರಿಕೆಯೇ, ಲಾಭದ ಉದ್ದೇಶವಿಲ್ಲದಿರುವುದು ಮುಖ್ಯವಲ್ಲ ಎಂದು ತೀರ್ಪು ನೀಡಿತು. ಅದನ್ನು ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್, ನಮ್ಮ ಗಜೇಂದ್ರಗಡದ ಹೆಸರನ್ನು ಹೊತ್ತ ಸಂಸ್ಕೃತ ವಿದ್ವಾಂಸರ ಮನೆತನದವರು, 1918ರಿಂದ 1920ರವರೆಗೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು, ಮುಂದೆ ಮುಖ್ಯ ನ್ಯಾಯಮೂರ್ತಿಯಾಗಿ ನಿವೃತ್ತರಾದ ಮೇಲೆ ಮೊದಲನೆಯ ರಾಷ್ಟ್ರೀಯ ಕಾರ್ಮಿಕ ಆಯೋಗದ ಅಧ್ಯಕ್ಷರಾದವರು.

ಕುತೂಹಲದ ಸಂಗತಿಯೆಂದರೆ, ಮೂರೇ ವರ್ಷಗಳಲ್ಲಿ ಅದೇ ನ್ಯಾಯಮೂರ್ತಿಗಳು ಶಿಕ್ಷಣದ ವಿಷಯದಲ್ಲಿ ಬೇರೆ ದಾರಿ ಹಿಡಿದರು. ದೆಹಲಿ ವಿಶ್ವವಿದ್ಯಾನಿಲಯದ ಮಹಿಳಾ ಕಾಲೇಜೊಂದರಲ್ಲಿ ವಿದ್ಯಾರ್ಥಿನಿಯರ ಬಸ್ಸನ್ನು ಓಡಿಸುತ್ತಿದ್ದ ಚಾಲಕರನ್ನು, ಬಸ್ಸಿನಿಂದ ನಷ್ಟವಾಗುತ್ತಿದೆ ಎಂಬ ಕಾರಣದಿಂದ ತೆಗೆದುಹಾಕಲಾಯಿತು. ಅವರು ಪರಿಹಾರ ಕೇಳಿದರು. ನ್ಯಾಯಮಂಡಳಿ ಅವರ ಪರವಾಗಿ ಹೇಳಿತು. 1963ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ವಿದ್ಯಾದಾನವು ಗುರುಶಿಷ್ಯರು ಕೂಡಿ ನಡೆಸುವ ಉದಾತ್ತ ಕಾರ್ಯ, ಅದರಲ್ಲಿ ಕೆಳಹಂತದ ನೌಕರರ ಪಾತ್ರ ಅಲ್ಪವಾದುದು, ಆದುದರಿಂದ ಅದು ಕೈಗಾರಿಕೆಯಲ್ಲ ಎಂಬುದು ಈ ತೀರ್ಪಿನ ಸಾರ. ಉದ್ದೇಶದ ಉದಾತ್ತತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬಸ್ಸಿನ ಚಕ್ರ ಹಿಡಿದವನಿಗೆ ತಾನು ಓಡಿಸುವುದು ವಿದ್ಯೆಯ ಬಸ್ಸೋ ವ್ಯಾಪಾರದ ಬಸ್ಸೋ ಎಂಬುದರಿಂದ ಮನೆಬಾಡಿಗೆಯಲ್ಲಿ ವ್ಯತ್ಯಾಸವೇನೂ ಆಗದು. 1970ರಲ್ಲಿ ಸಫ್ದರ್‌ಜಂಗ್ ಆಸ್ಪತ್ರೆಯ ಪ್ರಕರಣದಲ್ಲಿ ಆರು ನ್ಯಾಯಾಧೀಶರ ಪೀಠವು 1960ರ ತೀರ್ಪನ್ನೇ ಸರಿಯಲ್ಲವೆಂದಿತು. ದೆಹಲಿಯ ಸರ್ಕಾರಿ ಆಸ್ಪತ್ರೆ, ಅಲ್ಲಿಯದೇ ಕ್ಷಯರೋಗ ಆಸ್ಪತ್ರೆ, ಪಾಟ್ನಾದ ಕುರ್ಜಿ ಹೋಲಿ ಫ್ಯಾಮಿಲಿ ಆಸ್ಪತ್ರೆ, ಮೂರೂ ಒಂದೇ ತೀರ್ಪಿನಲ್ಲಿ ಕೈಗಾರಿಕೆಯ ಹೊರಗೆ ಉಳಿದವು.

ಈ ಗೊಂದಲಕ್ಕೆ ತೆರೆ ಎಳೆಯಲು ಯತ್ನಿಸಿದ ಪ್ರಕರಣ ಕರ್ನಾಟಕದ್ದು. ಬೆಂಗಳೂರು ಜಲಮಂಡಳಿಯು ದುರ್ನಡತೆಯ ಆರೋಪದ ಮೇಲೆ ಕೆಲವು ನೌಕರರಿಗೆ ದಂಡ ಹಾಕಿ, ಅದನ್ನು ಅವರಿಂದ ವಸೂಲು ಮಾಡಿತ್ತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ ಮಂಡಳಿಯು ತಾನು ಕೈಗಾರಿಕೆಯಲ್ಲವೆಂದು ವಾದಿಸಿತು. ಇಷ್ಟು ಚಿಕ್ಕ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠದ ಮುಂದೆ ಬಂದು, 1978ರ ಫೆಬ್ರವರಿ 21ರಂದು ಇತ್ಯರ್ಥವಾಯಿತು. ಪ್ರಧಾನ ತೀರ್ಪನ್ನು ಬರೆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ವಿಚಾರಸರಣಿ ಸರಳವಾದುದು. ವ್ಯವಸ್ಥಿತವಾದ ಚಟುವಟಿಕೆಯಿರಬೇಕು, ಅದು ಮಾಲೀಕ ಮತ್ತು ನೌಕರರ ಸಹಕಾರದಿಂದ ನಡೆಯಬೇಕು, ಮನುಷ್ಯರ ಬೇಕುಗಳನ್ನು ಪೂರೈಸುವ ವಸ್ತುವನ್ನೋ ಸೇವೆಯನ್ನೋ ಅದು ಒದಗಿಸಬೇಕು. ಹಾಗಿದ್ದರೆ ಅದು ಕೈಗಾರಿಕೆ. ಶುದ್ಧ ಆಧ್ಯಾತ್ಮಿಕ ಕಾರ್ಯ ಇದರೊಳಗೆ ಬಾರದಾದರೂ ದೊಡ್ಡ ಪ್ರಮಾಣದಲ್ಲಿ ಪ್ರಸಾದ ತಯಾರಿಸುವ ಕೆಲಸ ಬರುತ್ತದೆ ಎಂದು ಅವರು ಉದಾಹರಣೆಯನ್ನೂ ಕೊಟ್ಟರು. ಶಾಸನಗಳ ಅಡುಗೆಮನೆಯನ್ನು ಹುಡುಕುವವನಿಗೆ ಈ ಉದಾಹರಣೆ ವಿಶೇಷ ಸಂತೋಷ ಕೊಡುತ್ತದೆ.

ಧರ್ಮಸಂಸ್ಥೆಗಳ ಬಗ್ಗೆ ಆ ತೀರ್ಪು ಮಾಡಿದ ವಿಂಗಡಣೆಯನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಮುಂದಿನ ಎಲ್ಲ ಚರ್ಚೆಯೂ ಅದರ ನೆರಳಿನಲ್ಲೇ ನಡೆದಿದೆ. ಲಾಭ ಗಳಿಸಿ, ಆ ಲಾಭವನ್ನು ಪರೋಪಕಾರಕ್ಕೆ ಬಳಸುವ ಸಂಸ್ಥೆಗಳಿವೆ. ಲಾಭವನ್ನೇ ಬಯಸದೆ, ಆದರೆ ಬೇರೆಲ್ಲ ಕಡೆಗಳಂತೆಯೇ ಸಂಬಳದ ನೌಕರರನ್ನಿಟ್ಟುಕೊಂಡು, ಬಡವರಿಗೆ ಕಡಿಮೆ ದರದಲ್ಲಿ ಅಥವಾ ಉಚಿತವಾಗಿ ಸೇವೆ ಒದಗಿಸುವ ಸಂಸ್ಥೆಗಳಿವೆ. ಇವೆರಡೂ ಕೈಗಾರಿಕೆಗಳೇ. ಕೂಲಿಗಾಗಿಯಲ್ಲದೆ ಧ್ಯೇಯದಲ್ಲಿ ತಾವೂ ಪಾಲುದಾರರಾಗಿ ಜನರು ದುಡಿಯುವ ಸಂಸ್ಥೆಗಳು ಮೂರನೆಯವು. ಬಿಡುವಿನ ವೇಳೆಯಲ್ಲಿ ಉಚಿತ ಚಿಕಿತ್ಸಾಲಯಕ್ಕೆ ಬರುವ ವೈದ್ಯರು, ಆಶ್ರಮವಾಸಿಗಳು ಇದಕ್ಕೆ ನಿದರ್ಶನ. ಅಲ್ಲಿ ಒಬ್ಬಿಬ್ಬರು ಸಂಬಳದ ಆಳುಗಳಿದ್ದರೂ ಅದು ಕೈಗಾರಿಕೆಯಾಗದು. ಈ ವಿಂಗಡಣೆಯ ತಿರುಳು ಇಷ್ಟೆ: ದಾನದ ಪುಣ್ಯ ದಾನಿಗೆ ಸೇರಿದುದು. ಸಂಬಳಕ್ಕೆಂದು ಬಂದವನು ದಾನ ಮಾಡಲು ಬಂದವನಲ್ಲ. ಯಜಮಾನನ ಔದಾರ್ಯವನ್ನು ಅವನ ಸಂಬಳದಲ್ಲಿ ಮುರಿದುಕೊಳ್ಳಲಾಗದು. ನನ್ನ ದೃಷ್ಟಿಯಲ್ಲಿ ಈ ವಿಷಯದ ಮೇಲೆ ನಮ್ಮ ದೇಶದಲ್ಲಿ ಬಂದ ಅತ್ಯಂತ ಸ್ಪಷ್ಟವಾದ ವಿವೇಚನೆ ಇದು. ಇಬ್ಬರು ನ್ಯಾಯಾಧೀಶರು, ಜಸ್ವಂತ್ ಸಿಂಗ್ ಮತ್ತು ತುಳಜಾಪುರ್ಕರ್, ಇಷ್ಟು ವಿಶಾಲವಾದ ಅರ್ಥವನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು.

ಸಂಸತ್ತೂ ಒಪ್ಪಲಿಲ್ಲ. 1982ರ ತಿದ್ದುಪಡಿಯು ಆಸ್ಪತ್ರೆಗಳನ್ನೂ ಶಿಕ್ಷಣ ಸಂಸ್ಥೆಗಳನ್ನೂ, ಪೂರ್ಣವಾಗಿ ಅಥವಾ ಗಣನೀಯವಾಗಿ ಧರ್ಮಾರ್ಥ, ಸಾಮಾಜಿಕ, ಲೋಕೋಪಕಾರಿ ಸೇವೆಯಲ್ಲಿ ತೊಡಗಿದ ಸಂಘಟನೆಗಳ ಸಂಸ್ಥೆಗಳನ್ನೂ ಕೈಗಾರಿಕೆಯಿಂದ ಹೊರಗಿಟ್ಟಿತು. 1984ರಲ್ಲಿ ಆ ಕಾನೂನಿನ ಇತರ ಭಾಗಗಳು ಜಾರಿಗೆ ಬಂದವು. ಹೊಸ ವ್ಯಾಖ್ಯೆ ಮಾತ್ರ ಬರಲೇ ಇಲ್ಲ. ಹೊರಗಿಟ್ಟ ನೌಕರರ ದೂರುಗಳನ್ನು ಕೇಳಲು ಬೇರೊಂದು ವ್ಯವಸ್ಥೆ ಇರಲಿಲ್ಲವೆಂಬುದು ಅದಕ್ಕೆ ಕಾರಣ. ಅಂಗೀಕೃತವಾದ ವ್ಯಾಖ್ಯೆಯೊಂದು ಪುಸ್ತಕದಲ್ಲಿ ಮಲಗಿದ್ದು, ಮತ್ತೊಂದು ವ್ಯಾಖ್ಯೆ ನ್ಯಾಯಾಲಯದಲ್ಲಿ ಎದ್ದು ಓಡಾಡುತ್ತಿದ್ದ ಇಂಥ ಸ್ಥಿತಿ ನಾಲ್ಕು ದಶಕ ನಡೆಯಿತು. 2005ರಲ್ಲಿ ಐವರ ಪೀಠವೊಂದು 1978ರ ತೀರ್ಪನ್ನು ಮರುಪರಿಶೀಲಿಸಬೇಕೆಂದಿತು. 2017ರಲ್ಲಿ ಪ್ರಶ್ನೆಯನ್ನು ಒಂಬತ್ತು ನ್ಯಾಯಾಧೀಶರ ಪೀಠಕ್ಕೆ ಒಪ್ಪಿಸಲಾಯಿತು.

ಈ ನಡುವೆ ಶಾಲೆಗಳಲ್ಲಿ ವಿಚಿತ್ರವೊಂದು ಸಂಭವಿಸಿತು. ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ 1988ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಶಾಲೆ ಕೈಗಾರಿಕೆ ಹೌದು, ಆದರೆ ಶಿಕ್ಷಕರು ಆ ಕಾನೂನು ಹೇಳುವ 'ಕೆಲಸಗಾರರು' ಅಲ್ಲ ಎಂದಿತು. ಜವಾನನಿಗೆ ದೊರೆತ ಬಾಗಿಲು ಮೇಷ್ಟರಿಗೆ ಮುಚ್ಚಿತು. ಗ್ರ್ಯಾಚುಯಿಟಿಯ ವಿಷಯದಲ್ಲೂ ಹೀಗೆಯೇ ಆಯಿತು. 1972ರ ಕಾನೂನನ್ನು 1997ರ ಏಪ್ರಿಲ್ 3ರಿಂದ ಶಿಕ್ಷಣ ಸಂಸ್ಥೆಗಳಿಗೆ ವಿಸ್ತರಿಸಲಾಯಿತು. 2004ರಲ್ಲಿ ನ್ಯಾಯಾಲಯವು ಶಿಕ್ಷಕರು ಅದರ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದಿತು. 2009ರಲ್ಲಿ ಸಂಸತ್ತು 1997ರಿಂದಲೇ ಅನ್ವಯವಾಗುವಂತೆ ತಿದ್ದುಪಡಿ ತಂದಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ತಿದ್ದುಪಡಿ ಊರ್ಜಿತವಾಯಿತು. ಇಪ್ಪತ್ತೈದು ವರ್ಷಗಳ ಈ ಅವಧಿಯಲ್ಲಿ ನಿವೃತ್ತರಾದ ಶಿಕ್ಷಕರ ಸ್ಥಿತಿಯನ್ನು ಓದುಗರು ಊಹಿಸಿಕೊಳ್ಳಬಹುದು.

ಹೊರನಾಡಿನ ಕನ್ನಡ ಶಾಲೆಗಳಿಗೆ ಇನ್ನೊಂದು ಮುಖವೂ ಇದೆ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠವು, ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನಿರ್ಧರಿಸಬೇಕೆಂದು ಹೇಳಿತು. ಅದರಂತೆ ಮಹಾರಾಷ್ಟ್ರ, ತಮಿಳುನಾಡು, ದೆಹಲಿಗಳಲ್ಲಿ ಕನ್ನಡಿಗರು ಭಾಷಿಕ ಅಲ್ಪಸಂಖ್ಯಾತರು. ತಮ್ಮ ಶಾಲೆಗಳನ್ನು ತಾವೇ ಆಡಳಿತ ಮಾಡುವ ಸಂವಿಧಾನದತ್ತ ಹಕ್ಕು ಅವರಿಗಿದೆ. ಈ ಹಕ್ಕನ್ನು ಸಂಬಳ ಕಡಿಮೆ ಮಾಡುವ ಹಕ್ಕೆಂದು ಭಾವಿಸುವಂತಿಲ್ಲ. ಮಾನ್ಯತೆ ಪಡೆದ ಖಾಸಗಿ ಶಾಲೆಗಳ ನೌಕರರ ವೇತನ ಸರ್ಕಾರಿ ಶಾಲೆಗಳಿಗಿಂತ ಕಡಿಮೆಯಿರಬಾರದೆಂಬ 1973ರ ದೆಹಲಿ ಶಾಲಾ ಶಿಕ್ಷಣ ಕಾನೂನಿನ ನಿಯಮವು ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳಿಗೂ ಅನ್ವಯಿಸುತ್ತದೆಂದು ಫ್ರಾಂಕ್ ಆಂಥೊನಿ ಶಾಲೆಯ ಪ್ರಕರಣದಲ್ಲಿ 1986ರಲ್ಲೇ ತೀರ್ಮಾನವಾಗಿತ್ತು. ಕನ್ನಡವನ್ನು ಉಳಿಸುವ ಕೆಲಸ ದೊಡ್ಡದು. ಅದರ ಖರ್ಚನ್ನು ಕನ್ನಡ ಕಲಿಸುವ ಒಬ್ಬ ಶಿಕ್ಷಕಿಯ ಮೇಲೆ ಹೊರಿಸುವುದು ಬೇರೆ ಮಾತು.

ಸಂಸ್ಥೆಗಳ ಸಲಹೆಗಾರರ ಬಗ್ಗೆಯೂ ಒಂದೆರಡು ಮಾತು ಅಗತ್ಯ. ಲೆಕ್ಕಪರಿಶೋಧಕರು, ವಕೀಲರು ಬಹುಪಾಲು ಸದುದ್ದೇಶದಿಂದಲೇ, ಹಲವೊಮ್ಮೆ ಶುಲ್ಕವಿಲ್ಲದೆ ನೆರವಾಗುತ್ತಾರೆ. ಆದರೆ ಅವರು ಕೊಡುವ ಉಪಾಯಗಳಲ್ಲಿ ಬಹುಪಾಲು ಹೆಸರು ಬದಲಾಯಿಸುವ ಉಪಾಯಗಳು. ಸಂಬಳವನ್ನು ಗೌರವಧನವೆನ್ನಿ, ನೌಕರನನ್ನು ಸ್ವಯಂಸೇವಕನೆನ್ನಿ, ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದು ಮಾಡಿ, ಭವಿಷ್ಯನಿಧಿಯ ಕಾನೂನು ಇಪ್ಪತ್ತು ಮಂದಿಗೆ ಅನ್ವಯವಾಗುವುದರಿಂದ ಹತ್ತೊಂಬತ್ತಕ್ಕೆ ನಿಲ್ಲಿಸಿ. ಸಂಸ್ಥೆಗಳ ಕಷ್ಟವೂ ಸುಳ್ಳಲ್ಲ. ವಿದೇಶಿ ದೇಣಿಗೆ ಪಡೆಯುವವರಿಗೆ ಆಡಳಿತ ವೆಚ್ಚದ ಮಿತಿಯನ್ನು 2020ರಲ್ಲಿ ಶೇಕಡಾ 50ರಿಂದ 20ಕ್ಕೆ ಇಳಿಸಲಾಯಿತು. ದಾನಿಗಳೂ ಕಟ್ಟಡಕ್ಕೆ ಕೊಟ್ಟಷ್ಟು ಸುಲಭವಾಗಿ ಕಟ್ಟಡದ ಕಾವಲುಗಾರನ ಸಂಬಳಕ್ಕೆ ಕೊಡುವುದಿಲ್ಲ. ಆದರೆ ಹೆಸರು ಬದಲಾಯಿಸುವ ಉಪಾಯ ಈಗ ಎಲ್ಲೆಡೆ ನಡೆಯುವುದಿಲ್ಲ. ಗೌರವಧನ ಪಡೆಯುವ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದು ಕರ್ನಾಟಕದ ಅಮೀರ್‌ಬಿ ಪ್ರಕರಣದಲ್ಲಿ 2006ರಲ್ಲಿ ಹೇಳಿದ್ದ ಸರ್ವೋಚ್ಚ ನ್ಯಾಯಾಲಯವೇ, 2022ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅವರಿಗೆ ಗ್ರ್ಯಾಚುಯಿಟಿಯ ಹಕ್ಕಿದೆಯೆಂದಿತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾನೂನು ಸಂಘ, ನ್ಯಾಸ, ಸ್ವಯಂಸೇವಾ ಸಂಸ್ಥೆಗಳನ್ನು ಹೆಸರಿಸಿಯೇ ಒಳಗೊಂಡಿದೆ. ಸಂಬಳವಿಲ್ಲದೆ ಸ್ವಯಂಸೇವೆ ಮಾಡುವವರನ್ನೂ ಉದ್ಯೋಗಿಗಳೆಂದೇ ಪರಿಗಣಿಸುತ್ತದೆ.

2020ರಲ್ಲಿ ಸಂಸತ್ತು ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು 2025ರ ನವೆಂಬರ್ 21ರಿಂದ ಜಾರಿಗೆ ತರಲಾಯಿತು. 1982ರಲ್ಲಿ ಮಲಗಿದ ವ್ಯಾಖ್ಯೆಯ ಒಂದು ಭಾಗ ಇದರಲ್ಲಿ ಎದ್ದು ಕುಳಿತಿದೆ. ಆಸ್ಪತ್ರೆ, ಶಾಲೆಗಳೆಂಬ ಕಾರಣಕ್ಕೇ ವಿನಾಯಿತಿ ಕೊಡುವುದನ್ನು ಅದು ಕೈಬಿಟ್ಟಿದೆ. ಆದರೆ ಪೂರ್ಣವಾಗಿ ಅಥವಾ ಗಣನೀಯವಾಗಿ ಧರ್ಮಾರ್ಥ, ಸಾಮಾಜಿಕ, ಲೋಕೋಪಕಾರಿ ಸೇವೆಯಲ್ಲಿ ತೊಡಗಿದ ಸಂಘಟನೆಗಳ ಸಂಸ್ಥೆಗಳನ್ನು ಕೈಗಾರಿಕೆಯಿಂದ ಹೊರಗಿಟ್ಟಿದೆ. ಇದರಿಂದ ಜಗಳದ ಜಾಗ ಬದಲಾಗಿದೆ. 1978ರ ತೀರ್ಪು ದುಡಿಯುವವನ ಕಡೆಯಿಂದ ಸಂಸ್ಥೆಯನ್ನು ನೋಡಿತು: ಇಲ್ಲಿ ಸಂಬಳದ ದುಡಿಮೆ ನಡೆಯುತ್ತಿದೆಯೇ? ಹೊಸ ಸಂಹಿತೆ ಸ್ಥಾಪಕನ ಕಡೆಯಿಂದ ನೋಡುತ್ತದೆ: ಸಂಸ್ಥೆಯ ಧ್ಯೇಯವೇನು? ಒಂದೇ ಊರಿನಲ್ಲಿ ಒಂದೇ ಬಗೆಯ ಕೆಲಸ ಮಾಡುವ ಇಬ್ಬರು ಆಯಾಗಳಲ್ಲಿ ಖಾಸಗಿ ಆಸ್ಪತ್ರೆಯವಳಿಗೆ ಕೈಗಾರಿಕಾ ನ್ಯಾಯಮಂಡಳಿಯ ಬಾಗಿಲು ತೆರೆದಿದ್ದು, ಧರ್ಮಾಸ್ಪತ್ರೆಯವಳಿಗೆ ಮುಚ್ಚುವ ಸಂಭವವಿದೆ. ಕಡಿಮೆ ಸಂಬಳ ಸಿಗುವ ಸಂಭವ ಯಾರಿಗೆ ಹೆಚ್ಚೋ ಅವಳಿಗೇ ಬಾಗಿಲೂ ದೂರವಾಗುವ ಈ ಏರ್ಪಾಡನ್ನು ಒಪ್ಪುವುದು ನನಗೆ ಕಷ್ಟವಾಗುತ್ತದೆ. 'ಗಣನೀಯವಾಗಿ' ಎಂಬ ಒಂದು ಪದದ ಅಳತೆ ಆದಾಯದಿಂದಲೋ, ವೆಚ್ಚದಿಂದಲೋ, ಉಚಿತ ಸೇವೆ ಪಡೆದವರ ಸಂಖ್ಯೆಯಿಂದಲೋ ಎಂಬುದನ್ನು ಸಂಹಿತೆಯ ಮಾತುಗಳು ಹೇಳುವುದಿಲ್ಲ. ಸಭಾಗೃಹವನ್ನು ಮದುವೆಗಳಿಗೆ ಬಾಡಿಗೆಗೆ ಕೊಟ್ಟು ಆ ಹಣದಿಂದ ವಿದ್ಯಾರ್ಥಿವೇತನ ನೀಡುವ ಸಂಘವು ಯಾವ ಕಡೆಗೆ ಬೀಳುತ್ತದೆಂಬುದು ಮುಂಬಯಿ ಪುಣೆಗಳ ನಮ್ಮ ಸಂಘಗಳಿಗೆ ಬರಿಯ ತಾತ್ತ್ವಿಕ ಜಿಜ್ಞಾಸೆಯಲ್ಲ.

ಅದೇ ದಿನ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು, ಅದು ಅನ್ವಯವಾಗುವ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ ಪ್ರತಿಯೊಬ್ಬ ಉದ್ಯೋಗಿಗೂ ನೇಮಕಪತ್ರ ಕೊಡಬೇಕೆನ್ನುತ್ತದೆ. ಹತ್ತಕ್ಕಿಂತ ಕಡಿಮೆ ಮಂದಿಯಿರುವ ಸಂಘಗಳೂ ಸ್ವಇಚ್ಛೆಯಿಂದ ಅದನ್ನು ಕೊಡಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಹುದ್ದೆ, ಸಂಬಳ, ರಜೆ, ಕೆಲಸದಿಂದ ತೆಗೆಯುವ ಮುನ್ನ ಕೊಡಬೇಕಾದ ಮುನ್ಸೂಚನೆ, ಇಷ್ಟನ್ನು ಒಂದು ಹಾಳೆಯ ಮೇಲೆ ಬರೆದುಕೊಟ್ಟು ಅದರ ಪ್ರತಿಯನ್ನು ಸಂಘದ ದಫ್ತರದಲ್ಲಿ ಕಾಯ್ದಿಟ್ಟರೆ, ಮುಂದೆ ಆ ಸಂಘದ ಚರಿತ್ರೆ ಬರೆಯುವವರಿಗೂ ಸ್ಮರಣ ಸಂಚಿಕೆಗಳಲ್ಲಿ ಸಿಗದ ಹೆಸರುಗಳು ಅಲ್ಲಿ ದೊರೆಯುತ್ತವೆ.